ಮನೆಗೆಲ್ಲ ಒಂದೇ ಫೋನು. ಅದರಲ್ಲೇ ದುಡ್ಡು, ಅದರಲ್ಲೇ ಮಗನ ಆಟ. ಏನು ಮಾಡೋದು?

ಕ್ಯಾಂಪಿನ ತಾಯಿ, ಗಂಗಾವತಿ
ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಬರೆಯಬೇಕೋ ಬೇಡವೋ ಅಂತ ನಾಲ್ಕು ದಿನ ಯೋಚಿಸಿದೆ. ತಂಗಿಯ ಫೋನಿನಿಂದ ಬರೆಯುತ್ತಿದ್ದೇನೆ. ಅವಳು ಮನೆಗೆ ಬಂದಾಗ ಮಾತ್ರ ಉತ್ತರ ಕೊಡೋಕೆ ಆಗುತ್ತದೆ, ತಪ್ಪು ತಿಳಿಯಬೇಡಿ.

ನಮ್ಮದು ಗಂಗಾವತಿ ಹತ್ತಿರದ ಒಂದು ಕ್ಯಾಂಪು, ಗದ್ದೆಗಳ ನಡುವಿನ ಸಣ್ಣ ಊರು. ಮಗ ಆರನೇ ಕ್ಲಾಸು. ಮನೆಯಲ್ಲಿ ದೊಡ್ಡ ಫೋನು ಅವರಪ್ಪನದು ಒಂದೇ, ನನ್ನದು ಬಟನ್ ಫೋನು. ಸಂಜೆ ಅವರು ಗದ್ದೆಯಿಂದ ಬಂದು ಬಚ್ಚಲಿಗೆ ಹೋದರೆ ಸಾಕು, ಫೋನು ಇವನ ಕೈಯಲ್ಲಿ. ಹೋಮ್‌ವರ್ಕ್ ವಾಟ್ಸಾಪ್‌ನಲ್ಲೇ ಬರುತ್ತದೆ, ಹಾಗಾಗಿ ಕೊಡಬೇಡಿ ಅನ್ನೋಕೂ ಆಗಲ್ಲ.

ಹೋದ ತಿಂಗಳು ಇವರು ಯೂರಿಯಾ ತರೋಕೆ ಹೋಗಿ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿದರೆ ಖಾತೆಯಲ್ಲಿ ದುಡ್ಡೇ ಇಲ್ಲ. ಬ್ಯಾಂಕಿಗೆ ಹೋಗಿ ಕೇಳಿದರೆ ನಾಲ್ಕು ಸಲ ಹೋಗಿದೆ ಅಂದರು. 500, 1,900, 2,000, 4,000. ಒಟ್ಟು 8,400. ಮೊದಲು ನನ್ನನ್ನೇ ಕೇಳಿದರು. ಆಮೇಲೆ ಮಗನ ಮುಖ ನೋಡಿದ ತಕ್ಷಣ ಗೊತ್ತಾಯಿತು.

ಆಟದಲ್ಲಿ ಒಬ್ಬ ಪರಿಚಯ ಆಗಿದ್ದನಂತೆ. ಎರಡು ತಿಂಗಳು ಜೊತೆಗೆ ಆಡಿದ್ದಾನೆ, ಕನ್ನಡದಲ್ಲೇ ಮಾತಾಡುತ್ತಿದ್ದನಂತೆ, 'ತಮ್ಮಾ, ಊಟ ಆಯ್ತಾ' ಅಂತ ದಿನಾ ಕೇಳುತ್ತಿದ್ದನಂತೆ. ಡೈಮಂಡ್, ಅಂದರೆ ಆಟದೊಳಗಿನ ದುಡ್ಡು, ಅರ್ಧ ರೇಟಿಗೆ ಕೊಡಿಸುತ್ತೇನೆ ಅಂತ ವಾಟ್ಸಾಪ್‌ಗೆ ಕ್ಯೂಆರ್ ಕಳಿಸಿದ್ದಾನೆ. ಇವನು ಪಿನ್ ಒತ್ತಿದ್ದಾನೆ. ಡೈಮಂಡ್ ಬರಲಿಲ್ಲ. 'ಸಿಕ್ಕಿಹಾಕಿಕೊಂಡಿದೆ, ಇನ್ನೊಂದು ಸ್ವಲ್ಪ ಹಾಕು, ಎಲ್ಲಾ ಒಟ್ಟಿಗೆ ಬರುತ್ತದೆ' ಅಂದಿದ್ದಾನೆ. ಬ್ಯಾಂಕಿನ ಮೆಸೇಜುಗಳನ್ನೆಲ್ಲ ಇವನೇ ಅಳಿಸಿದ್ದಾನೆ. ಒಂಬತ್ತು ದಿನ ಏನೂ ಆಗದವನ ಹಾಗೆ ಉಂಡು ಮಲಗಿದ್ದಾನೆ.

ಅವರಪ್ಪ ಬೆಲ್ಟಿನಿಂದ ಹೊಡೆದರು. ಬಿಡಿಸಿಕೊಳ್ಳೋಕೆ ಹೋಗಿ ನನಗೂ ಬಿತ್ತು. ಅತ್ತು ಮುಗಿದ ಮೇಲೆ ಯಾಕೋ ಹೇಳಲಿಲ್ಲ ಅಂತ ಕೇಳಿದೆ. 'ಹೇಳಿದ್ರೂ ಹೊಡೀತಿದ್ರಿ, ಹೇಳದಿದ್ರೂ ಹೊಡೀತಿದ್ರಿ. ಹೇಳದಿದ್ರೆ ಫೋನಾದರೂ ಇರ್ತಿತ್ತು' ಅಂದ. ನನಗೆ ಬಾಯಿಗೆ ಮಾತೇ ಬರಲಿಲ್ಲ.

ಈಗ ಫೋನು ಬೀರುವಿನಲ್ಲಿದೆ. ಹೋಮ್‌ವರ್ಕ್ ಹೋಗಿಲ್ಲ ಅಂತ ಶಾಲೆಯಿಂದ ಕರೆ ಬರುತ್ತಿದೆ. ಏನು ಮಾಡಲಿ?

ಕೌಲ್‌ಬಜಾರ್ ರಿಪೇರಿ, ಬಳ್ಳಾರಿ
ಸೋಮವಾರ ರಾತ್ರಿ 10:05

ಅಕ್ಕಾ, ಮೊದಲನೇ ಪ್ರಶ್ನೆ. 1930ಕ್ಕೆ, ಅಂದರೆ ಸೈಬರ್ ವಂಚನೆಯ ಸಹಾಯವಾಣಿಗೆ, ಫೋನ್ ಮಾಡಿದಿರಾ? ತಡ ಆಗಿದೆ, ಆದರೂ ಮಾಡಿ. ದುಡ್ಡು ಹೋದ ಗಂಟೆ ಎರಡು ಗಂಟೆಯೊಳಗೆ ಹೇಳಿದರೆ ಕಳ್ಳನ ಖಾತೆಯಲ್ಲೇ ಅದನ್ನು ತಡೆಯೋ ಸಾಧ್ಯತೆ ಜಾಸ್ತಿ. ಆಮೇಲೆ ಅವನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಇನ್ನೆಲ್ಲಿಗೋ ಹೊರಳಿಸಿಬಿಡುತ್ತಾನೆ. ಆದರೂ ಒಂದೊಂದು ಸಲ ಸ್ವಲ್ಪ ಉಳಿದಿರುತ್ತದೆ. ಮಗನ ಚಾಟ್ ಮಾತ್ರ ಅಳಿಸಬೇಡಿ. ಸಿಟ್ಟಿನಲ್ಲಿ ಎಲ್ಲರೂ ಮೊದಲು ಮಾಡುವುದೇ ಅದು.

ಎರಡನೇ ಪ್ರಶ್ನೆ. ಅವನಿಗೆ ಪಿನ್ ಹೇಗೆ ಗೊತ್ತು?

ಕ್ಯಾಂಪಿನ ತಾಯಿ, ಗಂಗಾವತಿ
ಸೋಮವಾರ ರಾತ್ರಿ 10:20

1930ರ ಬಗ್ಗೆ ನನಗೆ ಗೊತ್ತಿರಲಿಲ್ಲ ಅಣ್ಣಾ. ನಾಳೆ ಮಾಡಿಸುತ್ತೇನೆ. ಪಿನ್ ಅಂದರೆ ಅವರಪ್ಪನ ಬೈಕಿನ ನಂಬರು. ಅಂಗಡಿಗೆ ಕಳಿಸುವಾಗ ಅವರೇ ಹೇಳಿಕೊಟ್ಟಿದ್ದು.

ಹಳೇ ರೇಡಿಯೋ, ಸಿರುಗುಪ್ಪ
ಮಂಗಳವಾರ ಬೆಳಿಗ್ಗೆ 6:15

ಬೇಜಾರು ಮಾಡಿಕೊಳ್ಳಬೇಡಮ್ಮ, ನೇರವಾಗಿ ಹೇಳುತ್ತೇನೆ. ಹನ್ನೊಂದು ವರ್ಷದ ಹುಡುಗನಿಗೆ ಫೋನೂ ಕೊಟ್ಟು ಪಿನ್ನೂ ಕೊಟ್ಟರೆ ಇನ್ನೇನಾಗುತ್ತದೆ? ಬೀರುವಿನಲ್ಲಿದೆ ಅಂದೆಯಲ್ಲ, ಅಲ್ಲೇ ಇರಲಿ. ನಾವೆಲ್ಲ ಫೋನಿಲ್ಲದೆ ಓದಲಿಲ್ಲವಾ?

ಮಸ್ಕಿ ಮಾಸ್ತರ್
ಮಂಗಳವಾರ ಬೆಳಿಗ್ಗೆ 7:50

ಹಿರಿಯರೇ, ಮಾತು ಕೇಳೋಕೆ ಚೆಂದ. ಆದರೆ ನಾನು ದಿನಾ ನೋಡುವುದನ್ನು ಹೇಳುತ್ತೇನೆ, ಕೇಳಿ.

ನಮ್ಮ ಶಾಲೆಯಲ್ಲಿ ಎಷ್ಟೋ ಮಕ್ಕಳ ಅಪ್ಪ ಅಮ್ಮ ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಮನೆಯಲ್ಲಿ ಅಜ್ಜಿ, ಮಗು, ಒಂದು ಫೋನು. ಅಪ್ಪ ಅಮ್ಮನ ಮುಖ ನೋಡಬೇಕಾದರೆ ಆ ಫೋನಿನಲ್ಲೇ ನೋಡಬೇಕು. ಅದನ್ನು ಬೀರುವಿಗೆ ಹಾಕಿ ಅಂತ ಯಾವ ಬಾಯಲ್ಲಿ ಹೇಳಲಿ?

ಇನ್ನೊಂದು ವಿಷಯ. ಹಳ್ಳಿಮನೆಯಲ್ಲಿ ಫೋನಿನ ಗುಮಾಸ್ತ ಯಾರು? ಮಗುವೇ ಅಲ್ವಾ? ಗೃಹಲಕ್ಷ್ಮಿಯ 2,000 ಬಂತಾ ನೋಡುವುದು ಅವನು. ಗ್ಯಾಸ್ ಬುಕ್ ಮಾಡಿದಾಗ ಬರುವ ನಂಬರನ್ನು ಸಿಲಿಂಡರ್ ಹುಡುಗನಿಗೆ ಹೇಳುವುದು ಅವನು. ಅಜ್ಜಿಯ ಪಿಂಚಣಿ ಮೆಸೇಜು ಓದುವುದು ಅವನು. 'ಓಟಿಪಿ ಯಾರಿಗೂ ಹೇಳಬೇಡ' ಅಂತ ನಾನು ಕ್ಲಾಸಿನಲ್ಲಿ ಹೇಳುತ್ತೇನೆ. ಒಬ್ಬ ಹುಡುಗ ಎದ್ದು ನಿಂತು ಕೇಳಿದ: 'ಸರ್, ಮನೇಲಿ ಎಲ್ಲರೂ ನನಗೇ ಓಟಿಪಿ ಓದಿ ಹೇಳು ಅಂತಾರೆ. ಯಾವುದನ್ನು ಹೇಳಬೇಕು, ಯಾವುದನ್ನು ಹೇಳಬಾರದು?' ನನ್ನ ಹತ್ತಿರ ಆ ದಿನ ಸರಿಯಾದ ಉತ್ತರ ಇರಲಿಲ್ಲ. ಎಂಟನೇ ವಯಸ್ಸಿನಿಂದ ಅಂಕಿ ಓದಿ ಹೇಳುವುದೇ ಕೆಲಸ ಆಗಿರುವ ಮಗುವಿಗೆ ನಾವು ಪೋಸ್ಟರಿನಲ್ಲಿ ಒಂದು ಸಾಲು ಅಂಟಿಸಿ ಸುಮ್ನೆ ಕೂತಿದ್ದೇವೆ.

ಈಗ ಹೀಗೆ ಹೇಳಿಕೊಡುತ್ತಿದ್ದೇನೆ. ಕೆಲಸ ಶುರು ಮಾಡಿದ್ದು ನಾವಾ, ಅವರಾ? ನಾವೇ ಗ್ಯಾಸ್ ಬುಕ್ ಮಾಡಿದ್ದೇವೆ, ಸಿಲಿಂಡರ್ ಬಾಗಿಲಿಗೆ ಬಂದಿದೆ, ಹೇಳು. ನಾವು ಏನೂ ಕೇಳಿಲ್ಲ, ಯಾರೋ ಫೋನ್ ಮಾಡಿ ನಂಬರ್ ಬಂತಾ ಅಂದರು, ಕಟ್ ಮಾಡು. ಇನ್ನು ಮೆಸೇಜಿನ ಪೂರ್ತಿ ಸಾಲು ಓದು, ಬರೀ ಅಂಕಿ ಓದಬೇಡ. ಯಾವುದಕ್ಕೆ, ಎಷ್ಟು ರೂಪಾಯಿಗೆ ಅಂತ ಅದರಲ್ಲೇ ಬರೆದಿರುತ್ತದೆ. ಇಂಗ್ಲಿಷ್ ಪಾಠಕ್ಕೂ ಆಯಿತು.

ಬಿಸಿಲೂರು, ರಾಯಚೂರು
ಮಂಗಳವಾರ ಮಧ್ಯಾಹ್ನ 2:30

ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಯಾವ ಬ್ಯಾಂಕು ಅಂತ ಕೇಳಬೇಡಿ. ಊಟದ ಹೊತ್ತು, ಹೊರಗೆ ಬೆಂಕಿಯಂಥ ಬಿಸಿಲು, ಗಿರಾಕಿಗಳಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಕಾರ, ಬ್ಯಾಂಕು ಈ ದುಡ್ಡು ತುಂಬಿಕೊಡುತ್ತದೆ ಅನ್ನೋ ಆಸೆ ಇಟ್ಟುಕೊಳ್ಳಬೇಡಿ. ಆರ್‌ಬಿಐನ ನಿಯಮ ಒಂದಿದೆ, 2017ರಲ್ಲಿ ತಂದದ್ದು. ನಮ್ಮ ತಪ್ಪಿಲ್ಲದೆ ಯಾರೋ ಹೊರಗಿನವರು ದುಡ್ಡು ಹೊಡೆದರೆ, ಬ್ಯಾಂಕಿನಿಂದ ತಿಳಿದ ಮೂರು ಕೆಲಸದ ದಿನದೊಳಗೆ ದೂರು ಕೊಟ್ಟರೆ ನಷ್ಟ ನಮ್ಮದಲ್ಲ. ಆದರೆ ಪಿನ್ ನಾವೇ ಕೊಟ್ಟಿದ್ದರೆ, ದೂರು ಕೊಡುವ ತನಕದ ನಷ್ಟ ನಮ್ಮದೇ. ದೂರು ಕೊಟ್ಟ ಮೇಲೆ ಹೋದದ್ದು ಬ್ಯಾಂಕಿನದು. ಅದಕ್ಕೇ ಅವನು ಒಂಬತ್ತು ದಿನ ಮುಚ್ಚಿಟ್ಟಿದ್ದು ದುಬಾರಿ ಆಯಿತು.

ಮಕ್ಕಳಿಗೆ ಒಂದೇ ಮಾತು ಹೇಳಿಕೊಡಿ. ದುಡ್ಡು ಬರೋಕೆ ಪಿನ್ ಬೇಕಾಗಿಲ್ಲ, ಹೋಗೋಕೆ ಮಾತ್ರ ಬೇಕು. ದೊಡ್ಡವರಿಗೇ ಇದು ಗೊತ್ತಿಲ್ಲ. 'ಬಹುಮಾನ ಬಂದಿದೆ, ತಗೊಳ್ಳೋಕೆ ಪಿನ್ ಒತ್ತಿ' ಅಂದರೆ ಒತ್ತುವ ಮೇಷ್ಟ್ರುಗಳನ್ನೂ ನಾನು ನೋಡಿದ್ದೇನೆ. ಮಸ್ಕಿ ಸರ್, ನಿಮ್ಮನ್ನಲ್ಲ.

ಇನ್ನೊಂದು. ಯುಪಿಐ ಲೈಟ್ ಅಂತ ಇದೆ. ಅದರಲ್ಲಿ 5,000 ತನಕ ಹಾಕಿಡಬಹುದು, ಒಂದು ಸಲಕ್ಕೆ 1,000 ತನಕ ಪಿನ್ ಇಲ್ಲದೆ ಹೋಗುತ್ತದೆ. ಟೀ ಅಂಗಡಿಗೆ ಅನುಕೂಲ. ಮಕ್ಕಳ ಕೈಗೆ ಹೋಗುವ ಫೋನಿನಲ್ಲಿ ಬೇಡವೇ ಬೇಡ. ನಾನಾದರೆ ದಿನಕ್ಕೆ ಬೇಕಾಗುವಷ್ಟು ದುಡ್ಡಿರುವ ಸಣ್ಣ ಖಾತೆಯೊಂದನ್ನು ಮಾತ್ರ ಫೋನಿಗೆ ಜೋಡಿಸುತ್ತೇನೆ. ಭತ್ತ ಮಾರಿದ ದುಡ್ಡು ಬೀಳುವ ಖಾತೆಗೆ ಯುಪಿಐ ಯಾಕೆ ಬೇಕು?

ಕೌಲ್‌ಬಜಾರ್ ರಿಪೇರಿ, ಬಳ್ಳಾರಿ
ಮಂಗಳವಾರ ರಾತ್ರಿ 9:15

ಅಂಗಡಿ ಮುಚ್ಚಿ ಬಂದೆ. ಈಗ ಫೋನಿನ ವಿಷಯ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಎಲ್ಲಾ ಕಡೆ ಏನು ಬರೆಯುತ್ತಾರೆ? 'ಮಗುವಿನ ಫೋನಿನಲ್ಲಿ ಫ್ಯಾಮಿಲಿ ಲಿಂಕ್ ಹಾಕಿ.' ಮಗುವಿನ ಫೋನು ಅಂತ ಒಂದಿದ್ದರೆ ತಾನೇ? ಫ್ಯಾಮಿಲಿ ಲಿಂಕ್ ಒಳ್ಳೆಯದೇ. ಮಗುವಿಗೆ ಬೇರೆ ಗೂಗಲ್ ಅಕೌಂಟ್, ಬೇರೆ ಫೋನು ಇದ್ದರೆ ಎಷ್ಟು ಹೊತ್ತು, ಯಾವ ಆ್ಯಪ್ ಎಲ್ಲಾ ನಿಮ್ಮ ಕೈಯಲ್ಲಿ. ಆದರೆ ಅಪ್ಪನ ಅಕೌಂಟಿನ ಮೇಲೆ ನಡೆಯುವ ಫೋನಿಗೆ ಅದು ಹೊಂದುವುದಿಲ್ಲ. ಅಲ್ಲಿ ಕೂತಿರುವುದು ನಲವತ್ತು ವರ್ಷದ ರೈತ ಅಂತಲೇ ಯೂಟ್ಯೂಬ್ ತಿಳಿದಿರುತ್ತದೆ. ಅಪ್ಪ ರಾತ್ರಿ ಏನು ನೋಡುತ್ತಾರೋ ಅದರ ತಂಗಿ, ತಮ್ಮ, ಮಾವ ಎಲ್ಲಾ ಬೆಳಿಗ್ಗೆ ಮಗನ ಮುಂದೆ ಬಂದು ನಿಲ್ಲುತ್ತವೆ. ಇದನ್ನು ಗಂಡಸರಿಗೆ ಅಂಗಡಿಯಲ್ಲಿ ಹೇಳಿದರೆ ಮುಖ ಕೆಂಪಾಗುತ್ತದೆ. ಆದರೂ ಹೇಳುತ್ತೇನೆ.

ಹಾಗಾಗಿ ಒಂದೇ ಫೋನಿನ ಮನೆಗೆ ಹೀಗೆ ಮಾಡಿಕೊಡುತ್ತೇನೆ. ಸೆಟ್ಟಿಂಗ್ಸ್‌ನಲ್ಲಿ 'ಯೂಸರ್ಸ್' ಅಂತ ಇದ್ದರೆ ಮಗನಿಗೆ ಬೇರೆ ಯೂಸರ್. ಅಪ್ಪನ ಫೋಟೋ, ಬ್ಯಾಂಕು, ವಾಟ್ಸಾಪ್ ಯಾವುದೂ ಅಲ್ಲಿ ಕಾಣಲ್ಲ. ಕೆಲವು ಕಂಪನಿಯವರು ಅದನ್ನು ತೆಗೆದಿರುತ್ತಾರೆ. ಆಗ ಆ್ಯಪ್ ಪಿನ್ನಿಂಗ್, ಅಂದರೆ ಪರದೆಯನ್ನು ಒಂದೇ ಆ್ಯಪಿಗೆ ಕಟ್ಟಿಹಾಕುವುದು. ಹೋಮ್‌ವರ್ಕ್ ಫೋಟೋ ತೆರೆದು, ಬಿಡಿಸೋಕೆ ಲಾಕ್ ಕೇಳುವ ಹಾಗೆ ಇಟ್ಟು, ಪಿನ್ ಮಾಡಿ ಕೊಟ್ಟರೆ, ಲಾಕ್ ಗೊತ್ತಿಲ್ಲದೆ ಅದರಿಂದ ಆಚೆ ಬರೋಕೆ ಆಗಲ್ಲ. ಪೇಮೆಂಟ್ ಆ್ಯಪಿಗೆ ಬೇರೆ ಲಾಕ್. ಪ್ಲೇಸ್ಟೋರಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ. ವಾಟ್ಸಾಪ್‌ನಲ್ಲಿ ಗ್ರೂಪಿಗೆ ಸೇರಿಸುವವರು 'ನನ್ನ ಕಾಂಟ್ಯಾಕ್ಟ್ಸ್' ಮಾತ್ರ, ಗೊತ್ತಿಲ್ಲದ ನಂಬರಿನ ಕರೆ ಸೈಲೆಂಟ್. ಆಟದ ಒಳಗಿನ ಚಾಟ್ ಮತ್ತು ಮೈಕ್ ಬಂದ್. ಈ ಕೊನೆಯದನ್ನು ಯಾರೂ ಮಾಡಲ್ಲ, ಕೆಡುವುದೇ ಅಲ್ಲಿಂದ.

ಪ್ಯಾಟರ್ನ್ ಲಾಕ್ ಹಾಕಬೇಡಿ. ಎಣ್ಣೆ ಬೆರಳಿನ ಗುರುತು ಗಾಜಿನ ಮೇಲೆ ರಂಗೋಲಿ ಹಾಗೆ ಕಾಣುತ್ತದೆ. ನಮ್ಮ ಮಿರ್ಚಿ ತಿನ್ನುವ ಊರಿನಲ್ಲಂತೂ ಕೇಳಲೇಬೇಡಿ.

ವಾಟ್ಸಾಪ್‌ಗೆ ಬರುವ 'ಮದುವೆ ಕಾರ್ಡ್' ಕಡತದ ಕೊನೆಯಲ್ಲಿ ಎಪಿಕೆ ಅಂತ ಇದ್ದರೆ ಒತ್ತಬೇಡಿ. ಅದು ಕಾರ್ಡಲ್ಲ, ಆ್ಯಪು. ಮೆಸೇಜುಗಳನ್ನೆಲ್ಲ ಓದುತ್ತದೆ.

ಹಳೇ ರೇಡಿಯೋ, ಸಿರುಗುಪ್ಪ
ಬುಧವಾರ ಬೆಳಿಗ್ಗೆ 6:10

ಇಷ್ಟೆಲ್ಲ ಬೀಗ ಹಾಕುವ ಬದಲು ಕೊಡದೆ ಇರುವುದೇ ಸಲೀಸು ಅಲ್ಲವಾ? ಕಾಲುವೆ ಪಕ್ಕ ಮನೆ ಇದ್ದ ಮೇಲೆ ಈಜು ಕಲಿಸಬೇಕು ಅಂತ ನೀವೆಲ್ಲ ಹೇಳುತ್ತೀರಿ, ಗೊತ್ತು ನನಗೆ. ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ ಅಂತ ಪೇಪರಿನಲ್ಲಿ ಬರುತ್ತದೆ. ಇದರಲ್ಲಿ ಬರುತ್ತದಾ? ಮತ್ತೆ, ಈ ಆಟಗಳನ್ನು ಸರ್ಕಾರ ಬಂದ್ ಮಾಡಿತಲ್ಲ?

ಕಪ್ಪು ಕೋಟು, ಕೊಪ್ಪಳ
ಬುಧವಾರ ಬೆಳಿಗ್ಗೆ 10:00

ಕೋರ್ಟಿನ ವರಾಂಡದಿಂದ ಬರೆಯುತ್ತಿದ್ದೇನೆ. ಹಿರಿಯರೇ, 2025ರ ಆಗಸ್ಟ್‌ನಲ್ಲಿ ಬಂದ ಕಾನೂನು ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳಿಗೆ, ಅಂದರೆ ಆನ್‌ಲೈನ್ ರಮ್ಮಿ ಥರದವಕ್ಕೆ. ಆಟದ ಒಳಗೆ ಬಟ್ಟೆ, ಬಂದೂಕು, ಡೈಮಂಡ್ ಕೊಳ್ಳುವುದು ಬೇರೆ. ಹಿಂದೆ 2020ರಲ್ಲಿ ಪಬ್ಜಿ, 2022ರಲ್ಲಿ ಫ್ರೀ ಫೈರ್ ನಿಷೇಧ ಆದವು. ಮಕ್ಕಳು ಆಡುವುದು ಬಿಟ್ಟರಾ? ಇಲ್ಲ. ಇನ್ನೊಂದು ಆಟಕ್ಕೆ ಹೋದರು.

2023ರಲ್ಲಿ ಬಂದ ಡೇಟಾ ರಕ್ಷಣೆ ಕಾನೂನಿನಲ್ಲಿ ಹದಿನೆಂಟರ ಒಳಗಿನವರ ಮಾಹಿತಿಗೆ ತಂದೆ ತಾಯಿ ಒಪ್ಪಿಗೆ ಬೇಕು ಅಂತ ಇದೆ. ಆದರೆ ರಿಪೇರಿ ಅಣ್ಣ ಹೇಳಿದ ಹಾಗೆ, ಅಕೌಂಟು ಅಪ್ಪನದಾದರೆ ಕಂಪನಿಯ ಲೆಕ್ಕದಲ್ಲಿ ಅಲ್ಲಿ ಮಗುವೇ ಇಲ್ಲ. ಇನ್‌ಸ್ಟಾಗ್ರಾಂನ ಟೀನ್ ಅಕೌಂಟಿಗೂ ಇದೇ ಕಥೆ. ವಯಸ್ಸು ಸುಳ್ಳು ಹಾಕಿದರೆ ಅದರ ಕಾವಲು ಎಲ್ಲಾ ಹೋಗುತ್ತದೆ. ಎಷ್ಟೋ ಮನೆಗಳಲ್ಲಿ ಆ ಸುಳ್ಳು ಹುಟ್ಟಿದ ವರ್ಷ ಹಾಕಿಕೊಡುವವರು ಅಪ್ಪ ಅಥವಾ ಚಿಕ್ಕಪ್ಪ.

ಹೆಸರು ಬೇಡ, ಬಳ್ಳಾರಿ
ಬುಧವಾರ ರಾತ್ರಿ 11:50

ದುಡ್ಡಿನ ಮಾತೇ ನಡೆಯುತ್ತಿದೆ. ಬೇರೆಯದನ್ನು ಹೇಳಲಾ?

ನಾನೀಗ ಡಿಗ್ರಿ ಎರಡನೇ ವರ್ಷ. ಹತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಹುಡುಗಿಯ ಹೆಸರಿನಲ್ಲಿ ರಿಕ್ವೆಸ್ಟ್ ಬಂತು. ಬಳ್ಳಾರಿಯವಳೇ ಅಂದಳು. ಮೂರು ದಿನ ಚಾಟ್. ನಾಲ್ಕನೇ ರಾತ್ರಿ ವಿಡಿಯೋ ಕಾಲ್. ಮುಂದಿನದನ್ನು ಬರೆಯಲ್ಲ, ನಿಮಗೆ ಅರ್ಥ ಆಗುತ್ತದೆ. ಕಾಲ್ ಕಟ್ ಆದ ಎರಡೇ ನಿಮಿಷಕ್ಕೆ ನನ್ನ ವಿಡಿಯೋ ನನಗೇ ಬಂತು. ಕೆಳಗೆ ನನ್ನ ಅಕ್ಕ, ನನ್ನ ಟ್ಯೂಷನ್ ಸರ್, ನನ್ನ ಮಾವನ ಅಕೌಂಟುಗಳ ಪಟ್ಟಿ. '3,000 ಹಾಕು, ಇಲ್ಲದಿದ್ರೆ ಇವರಿಗೆಲ್ಲ ಹೋಗುತ್ತೆ.'

ಅಕ್ಕನ ಪರ್ಸಿನಿಂದ 1,500 ಕದ್ದು ಗೆಳೆಯನಿಂದ ಹಾಕಿಸಿದೆ. ಮರುದಿನ ಮತ್ತೆ ಕೇಳಿದರು. ಆ ರಾತ್ರಿ ಬೆಟ್ಟದ ಕಡೆ ಹೋಗಿ ಒಂದು ಗಂಟೆ ಕೂತಿದ್ದೆ. ಯಾಕೆ ಹೋಗಿದ್ದೆ ಅಂತ ಕೇಳಬೇಡಿ.

ಉಳಿಸಿದ್ದು ಚಿಕ್ಕಪ್ಪನ ಮಗ. ನನಗಿಂತ ನಾಲ್ಕು ವರ್ಷ ದೊಡ್ಡವನು. ಅವನು ಬೈಯಲಿಲ್ಲ, ಆಶ್ಚರ್ಯನೂ ಪಡಲಿಲ್ಲ. 'ಓ, ಇದಾ? ನಮ್ಮ ಹಾಸ್ಟೆಲಿನಲ್ಲಿ ಇಬ್ಬರಿಗೆ ಆಗಿದೆ. ಕೊಡು ಇಲ್ಲಿ ಫೋನು' ಅಂದ. ಅಷ್ಟೇ. ಎದೆಯ ಮೇಲಿನ ಬಂಡೆ ಇಳಿಯಿತು. ಸ್ಕ್ರೀನ್‌ಶಾಟ್ ತೆಗೆದ, ದುಡ್ಡು ಹಾಕಿದ ನಂಬರ್ ಬರೆದುಕೊಂಡ, ರಿಪೋರ್ಟ್ ಮಾಡಿ ಬ್ಲಾಕ್ ಮಾಡಿದ. ಇನ್ನೊಂದು ನಂಬರಿನಿಂದ ಎರಡು ಸಲ ಬೆದರಿಸಿದರು. ಉತ್ತರ ಕೊಡಲಿಲ್ಲ. ಆಮೇಲೆ ಬರಲಿಲ್ಲ.

ಅಕ್ಕಾ, ನಿಮ್ಮ ಮಗ ಮುಂದಿನ ಸಲ ಅಪ್ಪನಿಗೆ ಹೇಳಲ್ಲ. ಬೆಲ್ಟು ನೆನಪಿರುತ್ತದೆ. ಹೇಳೋಕೆ ಒಬ್ಬ ಅಣ್ಣನನ್ನೋ ಚಿಕ್ಕಮ್ಮನನ್ನೋ ತೋರಿಸಿಡಿ. 'ಅವರಿಗೆ ಹೇಳಿದರೆ ನನಗೆ ಹೇಳಿದ ಹಾಗೇ' ಅಂತ ನೀವೇ ಹೇಳಿ.

ಕಪ್ಪು ಕೋಟು, ಕೊಪ್ಪಳ
ಗುರುವಾರ ಬೆಳಿಗ್ಗೆ 8:20

ತಮ್ಮಾ, ಬರೆದದ್ದು ಒಳ್ಳೆಯದಾಯಿತು. ಇದನ್ನು ಓದುತ್ತಿರುವ ಬೇರೆ ಮಕ್ಕಳಿಗೆ ಹೇಳುತ್ತೇನೆ. ಹದಿನೆಂಟರ ಒಳಗಿದ್ದರೆ ಇಂಥ ಪ್ರಕರಣದಲ್ಲಿ ನೀವು ಆರೋಪಿ ಅಲ್ಲ, ಬಲಿಪಶು. ಬೆದರಿಸಿದವನ ಮೇಲೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಪೋಕ್ಸೊ ಕಾಯ್ದೆ ಮತ್ತು ಐಟಿ ಕಾಯ್ದೆಯ 67ಬಿ ಕಲಂ ಬರುತ್ತದೆ. ಮಗುವಿನ ಹೆಸರು, ಊರು, ಶಾಲೆ ಯಾವುದನ್ನೂ ಪೇಪರಿನವರು ಹಾಕುವಂತಿಲ್ಲ. ಪ್ರತಿ ಜಿಲ್ಲೆಯಲ್ಲೂ ಸೈಬರ್ ಅಪರಾಧಕ್ಕೆ ಸಿಇಎನ್ ಠಾಣೆ ಇದೆ. ಅಲ್ಲಿಗೆ ಹೋಗೋಕೆ ಧೈರ್ಯ ಇಲ್ಲದಿದ್ದರೆ ಮಕ್ಕಳ ಸಹಾಯವಾಣಿ 1098. ಕೇಂದ್ರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಕ್ಕಳ ಅಶ್ಲೀಲ ಚಿತ್ರದ ಬಗ್ಗೆ ಹೆಸರು ಹೇಳದೆಯೂ ದೂರು ಕೊಡಬಹುದು. 'ಟೇಕ್ ಇಟ್ ಡೌನ್' ಅಂತ ಇನ್ನೊಂದು ಸೇವೆ ಇದೆ, ಅಮೆರಿಕದ್ದು, ಪುಕ್ಕಟೆ. ಚಿತ್ರವನ್ನು ಯಾರಿಗೂ ಕಳಿಸದೆ ಅದರ ಗುರುತಿನ ಸಂಖ್ಯೆಯನ್ನಷ್ಟೇ ಅದರ ಜೊತೆ ಸೇರಿರುವ ಕಂಪನಿಗಳಿಗೆ ಕೊಡುತ್ತದೆ. ಅವರು ತಮ್ಮಲ್ಲಿ ಆ ಚಿತ್ರ ಕಂಡರೆ ತೆಗೆಯುತ್ತಾರೆ.

ದೊಡ್ಡವರಿಗೂ ಒಂದು ಮಾತು. 'ನೋಡಿ ಎಂಥಾ ಅನ್ಯಾಯ' ಅಂತ ಅಂಥ ವಿಡಿಯೋವನ್ನು ಊರಿನ ಗ್ರೂಪಿಗೆ ಹಾಕುವವರಿದ್ದಾರೆ. ಸಾಕ್ಷಿ ಅಂತ ವಕೀಲರಿಗೆ, ಮೇಷ್ಟ್ರಿಗೆ ಫಾರ್ವರ್ಡ್ ಮಾಡುವವರೂ ಇದ್ದಾರೆ. ಅದೂ ಅಪರಾಧ. ಮಕ್ಕಳ ಇಂಥ ಚಿತ್ರವನ್ನು ಅಳಿಸದೆ, ದೂರೂ ಕೊಡದೆ ಇಟ್ಟುಕೊಂಡರೂ ಅಪರಾಧ ಆಗಬಹುದು ಅಂತ 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಫೋನನ್ನೇ ನೇರವಾಗಿ ಠಾಣೆಗೆ ಒಯ್ಯಿರಿ.

ಮಲ್ಲಿಗೆ ದಂಡೆ, ಕುಷ್ಟಗಿ
ಗುರುವಾರ ಸಂಜೆ 6:30

ಹುಡುಗರ ಕಥೆ ಆಯಿತು. ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ ನಾನು. ಹುಡುಗಿಯರದು ಬೇರೆ.

ಹುಡುಗ ಸಿಕ್ಕಿಬಿದ್ದರೆ ಏಟು, ಫೋನು ಬಂದ್. ಹುಡುಗಿ ಸಿಕ್ಕಿಬಿದ್ದರೆ ಶಾಲೆ ಬಂದ್. ಅದಾದ ಮೇಲೆ ಗಂಡು ನೋಡೋಕೆ ಶುರು. ನಮ್ಮ ಕ್ಲಾಸಿನ ಒಬ್ಬಳ ಮುಖ ತೆಗೆದು ಯಾರೋ ಬೇರೆ ಮೈಗೆ ಅಂಟಿಸಿದರು. ಅವಳು ಫೋಟೋ ಯಾರಿಗೂ ಕಳಿಸಿರಲಿಲ್ಲ. ಅಮ್ಮನ ಸ್ಟೇಟಸ್‌ನಿಂದ ತೆಗೆದದ್ದು, ಹಬ್ಬದ ಫೋಟೋ. ಅವಳಿಗೆ ಆ ಚಿತ್ರಕ್ಕಿಂತ ಅಪ್ಪನ ಭಯ ಜಾಸ್ತಿ. 'ಮಿಸ್, ಮನೇಲಿ ಹೇಳಬೇಡಿ, ಹತ್ತನೇ ಕ್ಲಾಸು ಮುಗಿಸಬೇಕು' ಅಂತ ಕೈ ಹಿಡಿದಳು. ಕಾನೂನಿನ ಪ್ರಕಾರ ಇಂಥದ್ದು ಗೊತ್ತಾದ ಮೇಲೆ ನಾನು ಸುಮ್ಮನಿರುವ ಹಾಗಿಲ್ಲ, ಪೋಕ್ಸೊ ಅಡಿಯಲ್ಲಿ ತಿಳಿಸಲೇಬೇಕು. ಅವಳಿಗೆ ಅದನ್ನು ಅರ್ಥ ಮಾಡಿಸಿ, ಮೊದಲು ಅವಳ ಅಜ್ಜಿಯ ಹತ್ತಿರ ಹೋದೆವು. ಅಜ್ಜಿ ಅಕ್ಷರ ಬಾರದವರು. ಮಗನನ್ನು ಕರೆದು ಹೇಳಿದರು: 'ಕಳ್ಳ ನಮ್ಮ ಮನೆಗೆ ಕನ್ನ ಹಾಕಿದರೆ ಮಗಳನ್ನ ಹೊರಗೆ ಹಾಕ್ತೀಯೇನೋ?' ಹುಡುಗಿ ಪರೀಕ್ಷೆ ಬರೆದಳು.

ಬೀಗ, ಸೆಟ್ಟಿಂಗ್ಸ್ ಎಲ್ಲಾ ಸರಿ ಅಣ್ಣಾ. ಅಮ್ಮಂದಿರು ಯೂನಿಫಾರ್ಮಿನ ಫೋಟೋ ಸ್ಟೇಟಸ್‌ಗೆ ಹಾಕುವುದನ್ನೂ ಅದರ ಜೊತೆ ಸೇರಿಸಿ. ಬ್ಯಾಡ್ಜಿನಲ್ಲಿ ಶಾಲೆಯ ಹೆಸರು ಚೆನ್ನಾಗಿ ಕಾಣುತ್ತದೆ.

ಹಳೇ ರೇಡಿಯೋ, ಸಿರುಗುಪ್ಪ
ಶುಕ್ರವಾರ ಬೆಳಿಗ್ಗೆ 6:20

ಆ ಅಜ್ಜಿಗೆ ನನ್ನ ನಮಸ್ಕಾರ ತಿಳಿಸಮ್ಮ.

ನನಗೂ ಎಂಟನೇ ಕ್ಲಾಸಿನ ಮೊಮ್ಮಗಳಿದ್ದಾಳೆ. ಮೊನ್ನೆಯಿಂದ ಅವಳು ಫೋನು ನೋಡುವಾಗ ನಾನು ಕೆಮ್ಮಿದರೆ ತಕ್ಷಣ ಮಗ್ಗುಲು ತಿರುಗಿಸುತ್ತಾಳೆ. ಏನಂತ ಕೇಳಲಿ?

ಮಸ್ಕಿ ಮಾಸ್ತರ್
ಶುಕ್ರವಾರ ಬೆಳಿಗ್ಗೆ 7:30

'ಏನು ನೋಡ್ತಿದ್ದೀಯ' ಅಂತ ಕೇಳಬೇಡಿ ಹಿರಿಯರೇ. 'ನನಗೂ ಒಂದು ಹಳೇ ನಾಟಕದ ಪದ ಹುಡುಕಿಕೊಡು' ಅಂತ ಪಕ್ಕ ಕೂತುಕೊಳ್ಳಿ. ಎರಡು ದಿನ ಪದ ಕೇಳಿ. ಮೂರನೇ ದಿನ ಅವಳೇ ಏನಾದರೂ ತೋರಿಸುತ್ತಾಳೆ. ತೋರಿಸದಿದ್ದರೆ ಪದ ಕೇಳಿದ್ದಂತೂ ಲಾಭ.

ಕ್ಯಾಂಪಿನ ತಾಯಿ, ಗಂಗಾವತಿ
ಒಂಬತ್ತು ದಿನದ ನಂತರ, ಭಾನುವಾರ ರಾತ್ರಿ 8:45

ತಂಗಿ ಇವತ್ತು ಬಂದಳು. ನಿಮ್ಮೆಲ್ಲರ ಮಾತು ಅವಳಿಂದ ಓದಿಸಿದೆ, ನಮ್ಮ ಮನೆಯವರ ಮುಂದೆಯೇ. ಬಳ್ಳಾರಿ ತಮ್ಮ ಬರೆದದ್ದು ಬಂದಾಗ ಅವರು ಎದ್ದು ಹೊರಗೆ ಹೋದರು. ಬಹಳ ಹೊತ್ತು ಬರಲಿಲ್ಲ.

1930ಕ್ಕೆ ಮಾಡಿಸಿದೆವು. ಠಾಣೆಗೂ ಹೋಗಿ ಬಂದೆವು. 4,000 ಹೋದ ಖಾತೆಯಲ್ಲಿ 2,300 ಉಳಿದಿತ್ತಂತೆ, ಅದನ್ನು ತಡೆದಿದ್ದಾರೆ. ಕೈಗೆ ಬರೋಕೆ ಇನ್ನೂ ಓಡಾಟ ಇದೆ. ಉಳಿದದ್ದು ಹೋಯಿತು ಅಂತಲೇ ತಿಳಿದಿದ್ದೇವೆ.

ಫೋನು ಬೀರುವಿನಿಂದ ಹೊರಗೆ ಬಂದಿದೆ. ಗಂಗಾವತಿಯ ಅಂಗಡಿಯಲ್ಲಿ ಮಗನಿಗೆ ಬೇರೆ ಯೂಸರ್ ಮಾಡಿಸಿದೆವು. ದೊಡ್ಡ ಖಾತೆಯಿಂದ ಯುಪಿಐ ತೆಗೆಸಿದೆವು. ಆಟ ಇದೆ, ಚಾಟ್ ಇಲ್ಲ. ಅದಕ್ಕೆ ಎರಡು ದಿನ ಊಟ ಬಿಟ್ಟ. ಹೊಡೆಯಲ್ಲ ಅಂತ ಅವರಪ್ಪ ಬಾಯಿಬಿಟ್ಟು ಹೇಳಿಲ್ಲ. ಆದರೆ ಬೆಲ್ಟು ಗೂಟದ ಮೇಲಿಂದ ಟ್ರಂಕಿಗೆ ಹೋಗಿದೆ. ಹೇಳೋಕೆ ಯಾರು ಬೇಕು ಅಂತ ಮಗನನ್ನು ಕೇಳಿದೆ. ತಂಗಿಯ ಹೆಸರು ಹೇಳಿದ. ನನ್ನ ಹೆಸರು ಹೇಳಲಿಲ್ಲ ಅಂತ ಸ್ವಲ್ಪ ಚುಚ್ಚಿತು.

ಮಸ್ಕಿ ಸರ್ ಹೇಳಿದ್ದು ಕೇಳಿ ಅವನಿಗೆ ಒಂದು ನೋಟ್‌ಬುಕ್ ಕೊಟ್ಟಿದ್ದೇನೆ. ಮನೆಗೆ ಬಂದ ಓಟಿಪಿ ಯಾವುದಕ್ಕೆ, ಯಾರು ಕೇಳಿದರು, ಎಲ್ಲಾ ಬರೆಯುತ್ತಾನೆ. ನಿನ್ನೆ ರಾತ್ರಿ ಒಂದು ಮೆಸೇಜು ಹಿಡಿದುಕೊಂಡು ಓಡಿ ಬಂದ. 'ಅಮ್ಮಾ, ಕರೆಂಟ್ ಬಿಲ್ ಕಟ್ಟಿ ಅಂತ ಬಂದಿದೆ, ಕಳ್ಳರೇ ಇರಬೇಕು.' ನನಗೂ ಗೊತ್ತಾಗಲಿಲ್ಲ. ಅವರಪ್ಪನಿಗೂ ಗೊತ್ತಾಗಲಿಲ್ಲ. ಮೂವರೂ ಮನೆಗೆ ಬಂದಿದ್ದ ಕಾಗದದ ಬಿಲ್ಲು ಹುಡುಕಿ, ದೀಪದ ಕೆಳಗೆ ಹಿಡಿದು ಮೀಟರ್ ನಂಬರ್ ತಾಳೆ ನೋಡಿದೆವು. ಜೆಸ್ಕಾಂನದೇ, ನಿಜವಾದದ್ದೇ.

ಕೌಲ್‌ಬಜಾರ್ ರಿಪೇರಿ, ಬಳ್ಳಾರಿ
ಭಾನುವಾರ ರಾತ್ರಿ 9:10

ಚೆನ್ನಾಗಾಯಿತು ಅಕ್ಕಾ. ಬಿಲ್ ಕಟ್ಟಿದಿರಾ?

ಕ್ಯಾಂಪಿನ ತಾಯಿ, ಗಂಗಾವತಿ
ಭಾನುವಾರ ರಾತ್ರಿ 9:25

ಎಲ್ಲಿ ಅಣ್ಣಾ. ಹೊಸ ಪಿನ್ ಇವರಿಗೇ ಮರೆತುಹೋಗಿದೆ. ನಾಳೆ ಆಫೀಸಿಗೆ ಹೋಗಿ ಕಟ್ಟಿ ಬರುತ್ತಾರೆ.